ಕೊನೆಗೆ ಬಿತ್ತುವ ಕಾಳು

ಎರಡು ವರ್ಷದ ಹಿಂದೆ ಒಂದು ವಿಚಾರ ಸಂಕಿರಣದಲ್ಲಿ ನನ್ನ ಪಿಎಚ್‌.ಡಿ ಪ್ರಬಂಧದ ಒಂದು ಅಧ್ಯಾಯ ಓದಿದೆ. ವಿಷಯ ಅಮೃತ ಮಹಲ್. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಹಿಡಿದು ಹೈದರ್, ಟಿಪ್ಪು, ಆಮೇಲೆ ಕಂಪನಿ ಸರ್ಕಾರದವರೆಗೆ ಫಿರಂಗಿ ಎಳೆದ ಎತ್ತುಗಳ ಇಲಾಖೆಯ ಕಥೆ. ಯಾವ ವರ್ಷ ಯಾರ ಕೈಗೆ ಹೋಯಿತು, ಯಾವ ಕಾವಲು ಎಲ್ಲಿತ್ತು, ಯಾವ ಅಧಿಕಾರಿ ಏನು ಬರೆದ, ಎಲ್ಲ ಇತ್ತು. ಓದಿ ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತರು.

"ಎಲ್ಲ ಸರಿ. ಆ ಎತ್ತುಗಳು ಏನು ತಿನ್ನುತ್ತಿದ್ದವು?"

"ಕಾವಲಿನಲ್ಲಿ ಹುಲ್ಲು ಮೇಯುತ್ತಿದ್ದವು ಸರ್."

"ಕಾವಲಿನಲ್ಲಿ ಮೇಯುವುದು ಹಸು, ಕರು. ನೊಗಕ್ಕೆ ಕಟ್ಟಿದ ಎತ್ತಿಗೆ ಏನು ಹಾಕುತ್ತಿದ್ದರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುನ್ನೂರು ಪುಟದ ಟಿಪ್ಪಣಿ ಮಾಡಿಕೊಂಡವರಿಗೆ ದನ ಏನು ತಿನ್ನುತ್ತದೆ ಎಂದು ಹೊಳೆಯಲಿಲ್ಲ ಎಂಬ ನಾಚಿಕೆ ಆ ಊಟದ ಹೊತ್ತಿನಲ್ಲಿ ಗಂಟಲಿಗೆ ಸಿಕ್ಕಿಕೊಂಡೇ ಇತ್ತು. ಅದಕ್ಕಿಂತ ಹೆಚ್ಚಿನ ನಾಚಿಕೆ, ನಾನು ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯಲ್ಲಿ, ಕೊಟ್ಟಿಗೆ ಇದ್ದ ಮನೆಯಲ್ಲಿ.

ಆ ವಾರ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ. ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು.

"ಅಷ್ಟ್ ಓದಿದ್ದೀಯ, ಇದ್ ಗೊತ್ತಿಲ್ವ ಮಗ? ಹುಲ್ಲು ಹೊಟ್ಟೆಗೆ. ಹುರುಳಿ ಹೆಗಲಿಗೆ. ಹುರುಳಿ ಕಾಣದ ಎತ್ತು ಗಾಡಿ ಎಳ್ದಾತಾ?"

ಈ ಬರಹ ಹುಟ್ಟಿದ್ದು ಆ ಮಾತಿನಿಂದ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ನೆಲವನ್ನು ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಗೊತ್ತು. ಕೆ.ಆರ್. ನಗರದ ಕಡೆ, ಅಂದರೆ ಹಳೆಯ ಎಡತೊರೆ ತಾಲ್ಲೂಕಿನ ಕಡೆ, ಕಾವೇರಿ ನಾಲೆಗಳ ಕೆಳಗೆ ಭತ್ತ. ಪಶ್ಚಿಮಕ್ಕೂ ದಕ್ಷಿಣಕ್ಕೂ ಸರಿದಂತೆ ಕೆಂಪು ಮಣ್ಣು, ನಡುನಡುವೆ ಮರಳು, ಕಲ್ಲು. ಆಮೇಲೆ ಕೊಡಗಿನ ಅಂಚು, ನಾಗರಹೊಳೆಯ ಕಾಡು. ಇಲ್ಲಿನ ಹೊಲದಲ್ಲಿ ಒಳ್ಳೆಯ ಜಾಗ ರಾಗಿಗೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಏನನ್ನೂ ಬೆಳೆಯಲಾಗದ ದಿಣ್ಣೆ, ಮುಂಗಾರು ಕೈಕೊಟ್ಟು ಖಾಲಿ ಬಿದ್ದ ತಾಕು, ಇವು ಹುರುಳಿಯ ಪಾಲು. ಒಂದು ಸಾಲು ಉತ್ತು ಚೆಲ್ಲಿದರೆ ಆಯಿತು. ಗೊಬ್ಬರ ಇಲ್ಲ, ಕಳೆ ಇಲ್ಲ, ಕುಂಟೆ ಇಲ್ಲ. ಹಿಂಗಾರಿನ ಒಂದೆರಡು ಮಳೆ, ಆಮೇಲೆ ಇಬ್ಬನಿ, ಅಷ್ಟರಲ್ಲೇ ಮೂರು ಮೂರೂವರೆ ತಿಂಗಳಲ್ಲಿ ಅದು ತನ್ನ ಬದುಕು ಮುಗಿಸಿಕೊಳ್ಳುತ್ತದೆ. ಹೋಗುವಾಗ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಕಟ್ಟಿ ಮಣ್ಣಿಗೆ ಬಿಟ್ಟು ಹೋಗುತ್ತದೆ.

ಕೀಳುವ ಕೆಲಸ ಮಾತ್ರ ಹೊತ್ತು ನೋಡಿ ಮಾಡಬೇಕು. ಬೆಳಗಿನ ಜಾವ, ಇಬ್ಬನಿಯ ತೇವ ಇರುವಾಗಲೇ ಗಿಡವನ್ನು ಬುಡಸಮೇತ ಕಿತ್ತು ಹೊರೆ ಕಟ್ಟಬೇಕು. ಬಿಸಿಲೇರಿದರೆ ಕುಡುಗೋಲಿನಂತೆ ಬಾಗಿದ ಸಣ್ಣ ಕಾಯಿಗಳು ಸಿಡಿದು ಕಾಳು ನೆಲದ ಪಾಲು. ಚಿಕ್ಕವರಿದ್ದಾಗ ಡಿಸೆಂಬರಿನ ಚಳಿಯಲ್ಲಿ ನಮ್ಮನ್ನು ಎಬ್ಬಿಸಿ ಹೊಲಕ್ಕೆ ಕರೆದೊಯ್ಯುತ್ತಿದ್ದದ್ದು ಈ ಕಾರಣಕ್ಕೆ. ಕಣದಲ್ಲಿ ಬಡಿದು ತೂರಿದ ಮೇಲೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಹುರುಳಿ ಹೊಟ್ಟಿಗೆ ರಾಗಿ ಹುಲ್ಲಿಗಿಂತ ಜೋಪಾನ ಹೆಚ್ಚು. ಬೇಸಿಗೆಯಲ್ಲಿ ಕರು ಹಾಕಿದ ಹಸುವಿಗೆ, ಉಳುವ ಎತ್ತಿಗೆ ಅದನ್ನು ಅಳೆದು ಅಳೆದು ಹಾಕುತ್ತಿದ್ದರು. ಕಾಳನ್ನು ರಾತ್ರಿ ನೆನೆಹಾಕಿ, ಬೇಯಿಸಿಯೋ ಒರಳಿನಲ್ಲಿ ರುಬ್ಬಿಯೋ ಕಲಗಚ್ಚಿನ ಜೊತೆ ಕೊಡುವುದು ಉಳುಮೆಯ ದಿನಗಳ ಮರ್ಯಾದೆ. ಅದೇ ಪಾತ್ರೆಯಲ್ಲಿ ಬೆಂದ ಹುರುಳಿಯ ಕಟ್ಟು ಬಸಿದು ಮನೆಮಂದಿಗೆ ಸಾರು. ಎತ್ತಿನ ಊಟ, ನಮ್ಮ ಊಟ ಎರಡೂ ಒಂದೇ ಒಲೆಯ ಮೇಲೆ.

ಇಂಥ ಗಿಡಕ್ಕೆ ಚರಿತ್ರೆ ಹುಡುಕಲು ಹೊರಟಾಗ ನನಗೆ ಮೊದಲು ಸಿಕ್ಕಿದ್ದು ದಾಖಲೆಯಲ್ಲ, ಸುಟ್ಟ ಕಾಳು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯನ್ನು 1963-64ರಲ್ಲಿ ಉತ್ಖನನ ಮಾಡಿದ ಎಂ.ಎಸ್. ನಾಗರಾಜರಾವ್ ಅವರಿಗೆ ನವಶಿಲಾಯುಗದ ಪದರಗಳಲ್ಲಿ ಹುರುಳಿ ಸಿಕ್ಕಿತು. ಆಮೇಲೆ ಅವರೇ ಅಗೆದ ತುಂಗಭದ್ರೆಯ ದಡದ ಹಳ್ಳೂರಿನಲ್ಲೂ, ಸಂಗನಕಲ್ಲಿನಲ್ಲೂ ಅದು ಕಂಡಿತು. ಇಂದಿಗೆ ನಾಲ್ಕು ಸಾವಿರ ವರ್ಷದ ಹಿಂದೆ ದಕ್ಷಿಣದ ಜನ ಕೊರಲೆ, ಹೆಸರು, ಹುರುಳಿ ಇಟ್ಟುಕೊಂಡು ಬೇಸಾಯ ಮಾಡುತ್ತಿದ್ದರು. ಭತ್ತ, ಗೋಧಿ ಇನ್ನೂ ಅವರ ಮುಖ್ಯ ಊಟವಾಗಿರಲಿಲ್ಲ. ಅವರ ಊರುಗಳ ಹತ್ತಿರವೇ ಬೂದಿದಿಬ್ಬಗಳಿವೆ. ದನದೊಡ್ಡಿಗಳಲ್ಲಿ ತಲೆಮಾರುಗಟ್ಟಲೆ ಗುಡ್ಡೆಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ಗುಡ್ಡಗಳು ಅವು. ಈಗಿನ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ರೇಮಂಡ್ ಆಲ್ಚಿನ್ ಅಗೆದಾಗ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತುಗಳು ಹಾಗೇ ಉಳಿದಿದ್ದವು. ಆ ಚಿತ್ರ ನೋಡಿದಾಗಲೆಲ್ಲ ನಮ್ಮ ಹಟ್ಟಿಯ ಮುಂದಿನ ಕೆಸರು ನೆನಪಾಗುತ್ತದೆ.

ಆ ಕಾಲದ ಹುರುಳಿ ಅರ್ಧ ಕಾಡಿನದು. ಕಾಡುಹುರುಳಿ ಕುರುಚಲಿಗೆ ಹಬ್ಬುವ ಬಳ್ಳಿ. ಅದರ ಕಾಯಿ ಮಾಗಿದೊಡನೆ ಸಿಡಿಯುತ್ತದೆ, ಕಾಳಿನ ಸಿಪ್ಪೆ ದಪ್ಪ. ಸಿಪ್ಪೆ ದಪ್ಪವಿದ್ದರೆ ಕಾಳು ಮಣ್ಣಿನಲ್ಲಿ ನಿದ್ದೆ ಮಾಡುತ್ತದೆ, ಎಲ್ಲ ಒಂದೇ ಮಳೆಗೆ ಮೊಳೆಯುವುದಿಲ್ಲ. ಬರ ಬಂದರೂ ವಂಶ ಉಳಿಯುತ್ತದೆ. ಗಿಡಕ್ಕೆ ಅದು ಜಾಣತನ, ರೈತನಿಗೆ ಕಾಟ. ಬಿತ್ತಿದ್ದು ಎಲ್ಲ ಒಟ್ಟಿಗೆ ಹುಟ್ಟಬೇಕು ಎಂದು ಬಯಸುವವನು ರೈತ. ಲಂಡನ್ನಿನ ಷಾರ್ಲೀನ್ ಮರ್ಫಿ ಮತ್ತು ಡೋರಿಯನ್ ಫುಲ್ಲರ್ 2017ರಲ್ಲಿ ಉತ್ಖನನಗಳಲ್ಲಿ ಸಿಕ್ಕ ಹುರುಳಿ ಕಾಳುಗಳನ್ನು ಒಡೆಯದೆಯೇ, ಪ್ರಬಲ ಕ್ಷಕಿರಣದಲ್ಲಿ ಒಳಗಿನ ಚಿತ್ರ ತೆಗೆದು ಸಿಪ್ಪೆಯ ದಪ್ಪ ಅಳೆದರು. ಸಾವಿರಾರು ವರ್ಷಗಳಲ್ಲಿ ಸಿಪ್ಪೆ ನಿಧಾನವಾಗಿ ತೆಳ್ಳಗಾಗುತ್ತ ಬಂದದ್ದು ಅದರಲ್ಲಿ ಕಂಡಿತು. ಯಾರೂ ಅದನ್ನು ಉದ್ದೇಶಪಟ್ಟು ಮಾಡಲಿಲ್ಲ. ಮೊದಲ ಮಳೆಗೇ ಹುಟ್ಟಿದ್ದನ್ನು ಕಿತ್ತು, ಅದರಲ್ಲೇ ಬೀಜಕ್ಕೆ ಎತ್ತಿಟ್ಟು, ಮತ್ತೆ ಬಿತ್ತಿದ್ದರ ಫಲ. ಆದರೂ ಕಾಡಿನ ಚಾಳಿ ಪೂರ್ತಿ ಬಿಟ್ಟಿಲ್ಲ. ಈಗಲೂ ಬಿಸಿಲಿಗೆ ಕಾಯಿ ಸಿಡಿಯುತ್ತದೆ, ಅಜ್ಜಿ ಇಬ್ಬನಿಯ ಹೊತ್ತಿಗೆ ಕಾಯಬೇಕಾಗುತ್ತದೆ.

ಕಳೆದ ವರ್ಷ ಎಚ್.ಡಿ. ಕೋಟೆಯ ಕಾಡಂಚಿನ ಊರೊಂದರಲ್ಲಿ ಆಡು ಕಾಯುವವರೊಬ್ಬರು ಬೇಲಿಗೆ ಹಬ್ಬಿದ ಸಣ್ಣೆಲೆಯ ಬಳ್ಳಿ ತೋರಿಸಿ "ಇದು ಕಾಡುಹುರುಳಿ, ಇದಕ್ಕೆ ಆಡು ಹೆಂಗ್ ಬೀಳ್ತವೆ ನೋಡಿ" ಎಂದರು. ನೋಡುತ್ತಿದ್ದಂತೆಯೇ ಬಳ್ಳಿ ಅರ್ಧ ಮುಗಿದಿತ್ತು. ಹಳ್ಳಿಯವರು ಕಾಡು ಎಂದು ಮುಂದೆ ಸೇರಿಸಿ ಕರೆಯುವ ಹೆಸರು, ಅವರೆ, ಹುರುಳಿ ಎಲ್ಲವೂ ಹೀಗೆ ಯಾರೂ ಬಿತ್ತದ, ಯಾರೂ ಲೆಕ್ಕ ಇಡದ ಮೇವು.

ಇಲ್ಲಿ ಒಂದು ಹೆಸರಿನ ತಮಾಷೆ ಹೇಳಬೇಕು. ಇಂಗ್ಲಿಷಿನಲ್ಲಿ ಹುರುಳಿಗೆ ಹಾರ್ಸ್ ಗ್ರಾಮ್ ಎನ್ನುತ್ತಾರೆ, ಕುದುರೆಯ ಕಾಳು. ಹಳ್ಳೂರಿನಲ್ಲೇ ಸಿಕ್ಕ ಕುದುರೆಯ ಮೂಳೆಗಳ ಬಗ್ಗೆ ಕೆ.ಆರ್. ಆಲೂರ ಅವರ ವರದಿ ಬಂದಾಗಿನಿಂದ, ದಕ್ಷಿಣಕ್ಕೆ ಕುದುರೆ ಎಂದು ಬಂತು ಎಂಬ ಜಗಳ ನಡೆದೇ ಇದೆ. ಆ ಜಗಳದಲ್ಲಿ ಯಾರೇ ಗೆಲ್ಲಲಿ, ಹುರುಳಿ ಇಲ್ಲಿ ಕುದುರೆಗಿಂತ ಹಳೆಯದು. ಕುದುರೆಗೆ ಹುರುಳಿ ಹಾಕಿದ್ದು ಬಹಳ ತಡವಾಗಿ ನಡೆದ ಸಂಗತಿ. ಸುಮಾರು 1520ರಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಪೇಟೆಯಲ್ಲಿ ಕಂಡ ಧಾನ್ಯಗಳ ಪಟ್ಟಿ ಕೊಡುತ್ತಾನೆ. ರಾಬರ್ಟ್ ಸೀವೆಲ್ 1900ರಲ್ಲಿ ಮಾಡಿದ ಅನುವಾದದಲ್ಲಿ ಹುರುಳಿಯೂ ಹೆಸರೂ ಸಾಮಾನ್ಯ ಜನರ ಆಹಾರದ ಸಾಲಿನಲ್ಲಿ ಬರುತ್ತವೆ. ಆ ಹೊತ್ತಿಗೆ ಅರಬ್ಬೀ ಕುದುರೆಗಳು ಹಡಗಿನಲ್ಲಿ ಭಟ್ಕಳ, ಗೋವೆಗಳಿಗೆ ಬಂದು ಇಳಿಯುತ್ತಿದ್ದವು. ಜನರ ಕಾಳು ಲಾಯಕ್ಕೂ ಹೋಯಿತು. ಹೆಸರು ಮಾತ್ರ ಲಾಯದಿಂದ ಹುಟ್ಟಿತು.

ಗ್ರಾಮ್ ಎಂಬ ಪದವೂ ಪೋರ್ಚುಗೀಸರದೇ, ಕಾಳು ಎಂದಷ್ಟೇ ಅದರ ಅರ್ಥ. ಕಂಪನಿಯ ಕಾಲದ ಕಾಗದ ಓದುವವರಿಗೆ ಇದು ಒಂದು ಬಲೆ. ಉತ್ತರದಲ್ಲಿ ಗ್ರಾಮ್ ಎಂದರೆ ಕಡಲೆ. ಮದ್ರಾಸ್ ಸೈನ್ಯದವರು, ಮೈಸೂರಿನ ದಾರಿಯಲ್ಲಿ ದಂಡು ನಡೆಸಿದವರು ಗ್ರಾಮ್ ಎಂದಾಗ ಹೆಚ್ಚಾಗಿ ಹುರುಳಿ. ಅದಕ್ಕೇ ಅದಕ್ಕೆ ಮದ್ರಾಸ್ ಗ್ರಾಮ್ ಎಂದೂ ಹೆಸರಿತ್ತು. ನಾನು ಆರು ತಿಂಗಳು ಆ ಪದವನ್ನು ಕಡಲೆ ಎಂದು ಓದಿಕೊಂಡು ಹೋಗಿದ್ದೆ. ಕಡಲೆಗೆ ಬೇಕಾದ ಕಪ್ಪು ಮಣ್ಣು ಶ್ರೀರಂಗಪಟ್ಟಣದ ಸುತ್ತ ಎಷ್ಟಿದೆ ಎಂದು ಒಮ್ಮೆಯಾದರೂ ಯೋಚಿಸಬೇಕಿತ್ತು. ಸಸ್ಯಶಾಸ್ತ್ರಜ್ಞರಿಗೂ ಈ ಗಿಡದ ಹೆಸರು ಸುಲಭವಾಗಿ ಒಲಿದಿಲ್ಲ. ಬಹುಕಾಲ ಎರಡು ಹೂವಿನದು ಎಂಬ ಅರ್ಥದ ಡೋಲಿಕಾಸ್ ಬೈಫ್ಲೋರಸ್ ಎಂದು ಕರೆದರು, ಈಗ ಒಂದು ಹೂವಿನದು ಎಂಬ ಅರ್ಥದ ಮ್ಯಾಕ್ರೊಟೈಲೊಮಾ ಯೂನಿಫ್ಲೋರಮ್. 1951ರಲ್ಲಿ ಜಿ.ಡಬ್ಲ್ಯು.ಜಿ. ಬರ್ಡ್ ಎಂಬುವರು ಹುರುಳಿಯ ರಸ 'ಎ' ಗುಂಪಿನ ರಕ್ತಕಣಗಳನ್ನು ಒಟ್ಟುಗೂಡಿಸುತ್ತದೆ ಎಂದು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. 'ಎ' ಗುಂಪಿನ ಒಳಭೇದ ಗುರುತಿಸಲು ರಕ್ತನಿಧಿಗಳಲ್ಲಿ ಈಗಲೂ ಅದರ ಬಳಕೆ ಇದೆ. ಕುದುರೆಯ ಕಾಳು ಎಂದು ನನ್ನ ಹಾಸ್ಟೆಲಿನ ಗೆಳೆಯರು ಬುತ್ತಿಯ ಸಾರನ್ನು ನೋಡಿ ನಕ್ಕಾಗ ಇದನ್ನು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೀತಾಧ್ಯಕ್ಷ ಎಂಬ ಬೇಸಾಯದ ಅಧಿಕಾರಿಯ ಕೆಲಸ ವಿವರಿಸುವ ಭಾಗವಿದೆ. ಯಾವುದನ್ನು ಮೊದಲು, ಯಾವುದನ್ನು ನಡುವೆ, ಯಾವುದನ್ನು ಕೊನೆಗೆ ಬಿತ್ತಬೇಕು ಎಂಬ ಪಟ್ಟಿಯಲ್ಲಿ ಕುಲತ್ಥ, ಅಂದರೆ ಹುರುಳಿ, ಕೊನೆಗೆ ಬಿತ್ತುವವುಗಳ ಸಾಲಿನಲ್ಲಿದೆ. ಇದನ್ನು ಓದಿ ಹೇಳಿದಾಗ ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. "ಇನ್ಯಾವಾಗ್ ಬಿತ್ತಾರು?" ಎಂದಳು.

ಈಗ ನನ್ನ ಅಧ್ಯಾಯಕ್ಕೆ ಮರಳುತ್ತೇನೆ. ಮೂರನೆಯ ಮೈಸೂರು ಯುದ್ಧದ ಒಂದು ತಿಂಗಳನ್ನು, 1791ರ ಮೇ ತಿಂಗಳನ್ನು, ನಾನು ಮೊದಲು ಸೈನ್ಯಗಳ ಚಲನೆಯಾಗಿ ಬರೆದಿದ್ದೆ. ಮೇಷ್ಟ್ರ ಪ್ರಶ್ನೆಯಾದ ಮೇಲೆ ಅದನ್ನೇ ದನಗಳ ಹೊಟ್ಟೆಯಿಂದ ಓದಿದೆ. ಕಥೆ ಬೇರೆಯೇ ಆಯಿತು.

ಲಾರ್ಡ್ ಕಾರ್ನ್‌ವಾಲಿಸ್ ಮಾರ್ಚಿಯಲ್ಲಿ ಬೆಂಗಳೂರು ಹಿಡಿದು, ಮೇ ಆರಂಭದಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟ. ನೇರ ದಾರಿಯ ಹಳ್ಳಿಗಳನ್ನು ಟಿಪ್ಪು ಮೊದಲೇ ಬರಿದು ಮಾಡಿಸಿದ್ದ. ಧಾನ್ಯ ಸಾಗಿಸಿ, ಉಳಿದ ಹುಲ್ಲಿಗೆ ಬೆಂಕಿ ಇಡಿಸಿದ್ದ. ಅದಕ್ಕೇ ಕಾರ್ನ್‌ವಾಲಿಸ್ ಕಾನಕಾನಹಳ್ಳಿಯ ಬಳಸುದಾರಿ ಹಿಡಿದ. ಅಲ್ಲೂ ಮೇವು ಇರಲಿಲ್ಲ. ಮೇ 15ರಂದು ಅರಕೆರೆಯ ಹತ್ತಿರ ಕಾಳಗದಲ್ಲಿ ಅವನದೇ ಮೇಲುಗೈ. ಇದೇ ಹೊತ್ತಿಗೆ ಮಲಬಾರಿನಿಂದ ಕೊಡಗಿನ ಮೂಲಕ ಘಟ್ಟ ಹತ್ತಿದ ಜನರಲ್ ಅಬರ್‌ಕ್ರೋಂಬಿಯ ಸೈನ್ಯ ನಮ್ಮ ಪಿರಿಯಾಪಟ್ಟಣಕ್ಕೆ ಬಂದು ಕುಳಿತಿತ್ತು. ಎರಡು ಸೈನ್ಯ ಸೇರಲು ಕಾವೇರಿ ದಾಟಬೇಕು. ಹೊಳೆ ಏರಿತ್ತು. ಕಾರ್ನ್‌ವಾಲಿಸ್ ಕನ್ನಂಬಾಡಿಯವರೆಗೆ ನಡೆದ. ಈಗ ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿರುವ ಹಳೆಯ ಕನ್ನಂಬಾಡಿ. ಅಷ್ಟು ಹೊತ್ತಿಗೆ ಫಿರಂಗಿಯ ಎತ್ತುಗಳು ಮೇವಿಲ್ಲದೆ, ರೋಗ ಬಡಿದು, ನೊಗದಡಿಯಲ್ಲೇ ಬೀಳುತ್ತಿದ್ದವು. ಭಾರದ ಫಿರಂಗಿಗಳನ್ನು ಸೈನಿಕರೇ ಎಳೆಯಬೇಕಾಯಿತು. ಕೋಟೆ ಒಡೆಯಲೆಂದು ಕಡಲತೀರದಿಂದ ತಂದ ಆ ಫಿರಂಗಿಗಳನ್ನು ಕಾರ್ನ್‌ವಾಲಿಸ್ ಕನ್ನಂಬಾಡಿಯಲ್ಲಿ ತಾನೇ ಸಿಡಿಸಿ ಹಾಳುಮಾಡಿಸಿ, ಮೇ 26ರಂದು ಬೆಂಗಳೂರಿನ ಕಡೆ ತಿರುಗಿದ. ಹಿಂದಿರುಗುವ ಆಜ್ಞೆ ತಲುಪಿದ ಅಬರ್‌ಕ್ರೋಂಬಿಯೂ ಭಾರದ ಫಿರಂಗಿ ಬಿಟ್ಟು ಕೊಡಗಿನ ಮಳೆಯಲ್ಲಿ ಘಟ್ಟ ಇಳಿದ. ಎರಡು ಸೈನ್ಯಗಳೂ ಆ ತಿಂಗಳು ಕಾಳಗದಲ್ಲಿ ಸೋತು ಹಿಂದಿರುಗಿದ್ದಲ್ಲ.

ಮೇ ತಿಂಗಳು ಎಂಬುದನ್ನು ಗಮನಿಸಬೇಕು. ಹುರುಳಿ ಕಿತ್ತು ಕಣ ಮುಗಿದಿರುವುದು ಜನವರಿಯಲ್ಲಿ. ಮೇ ಹೊತ್ತಿಗೆ ಹೊಟ್ಟಿನ ಬಣವೆಯ ತಳ ಕಾಣಿಸುತ್ತದೆ, ಹೊಲದಲ್ಲಿ ಹಸಿರಿಲ್ಲ, ಮುಂಗಾರಿನ ಹುಲ್ಲು ಇನ್ನೂ ಬಂದಿಲ್ಲ. ಈ ಸೀಮೆಯ ಯಾವ ರೈತನೂ ಆ ತಿಂಗಳು ಎತ್ತಿಗೆ ದೂರದ ದಾರಿ ಹಿಡಿಸುವುದಿಲ್ಲ. ಮುಂದಿನ ವರ್ಷ ಕಾರ್ನ್‌ವಾಲಿಸ್ ಮತ್ತೆ ಬಂದದ್ದು ಫೆಬ್ರವರಿಯಲ್ಲಿ, ಸುಗ್ಗಿ ಮುಗಿದ ಮೇಲೆ. ಜೊತೆಗೆ ಎತ್ತಿನ ಬೆನ್ನಿನ ಮೇಲೆ ಧಾನ್ಯದ ಚೀಲ ಹೇರಿಕೊಂಡ ಲಂಬಾಣಿಗಳ ದೊಡ್ಡ ಹಿಂಡು ಇತ್ತು. ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು, ಅರ್ಧ ರಾಜ್ಯ ಹೋಯಿತು. ಕಾರ್ನ್‌ವಾಲಿಸನ ಎರಡನೆಯ ದಂಡಯಾತ್ರೆಗೆ ಕಾರಣ ಕೊಡುವಾಗ ಮರಾಠರು, ನಿಜಾಮ, ಫಿರಂಗಿ ಎಂದು ಬರೆಯುವವರು ಲಂಬಾಣಿಗಳ ಚೀಲದಲ್ಲಿ ಏನಿತ್ತು ಎಂದೂ ಬರೆಯಬೇಕು ಎಂಬುದು ಈಗ ನನ್ನ ಹಟ.

ಈ ಯುದ್ಧದ ಗುರುತು ಪಿರಿಯಾಪಟ್ಟಣದಲ್ಲಿ ಬಹಳ ದಿನ ಉಳಿಯಿತು. ಅಬರ್‌ಕ್ರೋಂಬಿ ಬರುತ್ತಾನೆಂದು ಟಿಪ್ಪು ಅಲ್ಲಿನ ಕೋಟೆಯನ್ನು ಒಡೆಸಿದ್ದ. 1800ರ ಸೆಪ್ಟೆಂಬರಿನಲ್ಲಿ ಕಂಪನಿಯ ಪರವಾಗಿ ಮೈಸೂರು ನೋಡಲು ಬಂದ ಫ್ರಾನ್ಸಿಸ್ ಬುಕಾನನ್ ಕಟ್ಟೆಮಳಲವಾಡಿ, ಪಿರಿಯಾಪಟ್ಟಣ, ಹನಗೋಡು, ಹೆಗ್ಗಡದೇವನಕೋಟೆಗಳ ಮೂಲಕ ಹಾದುಹೋದ. ಪಾಳುಬಿದ್ದ ಕೋಟೆಯಲ್ಲಿ ಹುಲಿಗಳು ಸೇರಿಕೊಂಡಿದ್ದವು ಎಂದು ಬರೆದ. ಬುಕಾನನ್ ವೈದ್ಯ, ಸಸ್ಯಗಳ ಹುಚ್ಚಿನವ. ಯುದ್ಧದ ಬಗ್ಗೆ ಬರೆದವರಿಗೆ ಕಾಣದ್ದು ಅವನಿಗೆ ಕಂಡಿತು. ಯಾವ ಮಣ್ಣಿಗೆ ಯಾವ ಬೆಳೆ, ಎಷ್ಟು ಉಳುಮೆ ಎಂದು ರೈತರನ್ನು ಕೂರಿಸಿಕೊಂಡು ಕೇಳಿದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಹುರುಳಿ ತನ್ನ ಕನ್ನಡದ ಹೆಸರಿನಲ್ಲೇ ಇದೆ. ಅವನು ವಸಾಹತಿನ ಲೆಕ್ಕಿಗ ಎಂಬುದು ನಿಜ, ಅದನ್ನು ನಾವೆಲ್ಲ ಮೊದಲ ವರ್ಷವೇ ಕಲಿಯುತ್ತೇವೆ. ಆದರೂ ಹುರುಳಿಗೆ ಹುರುಳಿ ಎಂದು ಬರೆದುಕೊಂಡ ಆ ಕಿವಿಗೆ ನಾನು ಋಣಿ.

ಹುಣಸೂರಿನ ಕಥೆ ಇದಕ್ಕೆ ಅಂಟಿಕೊಂಡೇ ಇದೆ. ಹೈದರ್ 1781ರಲ್ಲಿ ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಅಮೃತ ಮಹಲಿನ ಎತ್ತುಗಳಿಂದ ಎಂದು ಕಂಪನಿಯವರೇ ಬೆರಗಿನಿಂದ ಬರೆದುಕೊಂಡರು. ಬೆಣ್ಣೆ ಚಾವಡಿ ಎಂಬ ಹೆಸರನ್ನು ಅಮೃತ ಮಹಲ್ ಎಂದು ಬದಲಿಸಿದವನು ಟಿಪ್ಪು. 1799ರ ನಂತರ ಇಲಾಖೆ ಹಾಳಾಗುತ್ತ ಬಂದು, 1813ರಲ್ಲಿ ಮದ್ರಾಸ್ ಸೈನ್ಯದ ಸರಬರಾಜು ವಿಭಾಗ ಅದನ್ನು ಕೈಗೆತ್ತಿಕೊಂಡಿತು. ಅದರ ಕೇಂದ್ರ ಹುಣಸೂರು. ಎತ್ತಿನ ಜೊತೆಗೆ ಎತ್ತಿನ ಸುತ್ತಲಿನದೆಲ್ಲ ಅಲ್ಲಿ ಬೆಳೆಯಿತು. ಚರ್ಮ ಹದಮಾಡುವ ಕಾರ್ಖಾನೆ, ಸೈನಿಕರ ಬೂಟು, ಬೆನ್ನುಚೀಲ, ಕಂಬಳಿ, ಗಾಡಿ ಮಾಡುವ ಮರದ ಅಂಗಳ. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಅಮೃತ ಮಹಲನ್ನೇ ಮುಚ್ಚಿಸಿ ದನ ಹರಾಜು ಹಾಕಿಸಿದ. ಒಂದಷ್ಟು ದನ ಈಜಿಪ್ಟಿನ ಪಾಷಾನ ಪಾಲಾದವು. ಸೈನ್ಯಕ್ಕೆ ಎತ್ತು ಸಿಗದೆ ಆ ದಶಕದಲ್ಲೇ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಹುಣಸೂರಿನ ಕಾರ್ಖಾನೆಗಳು ಮಾತ್ರ 1864ರಲ್ಲಿ ಮುಚ್ಚಿದವು.

ನಾನು ಮೊದಲು ಬರೆದಾಗ ಇಲ್ಲಿಗೆ ಹುಣಸೂರಿನ ಕಥೆ ಮುಗಿದಿತ್ತು. ಈಗ ಮುಗಿಯುವುದಿಲ್ಲ. ಕಾವಲಿನಲ್ಲಿ ಹುಲ್ಲು ಮೇದು ಬೆಳೆದ ಹೋರಿಕರು ಹದಗೊಂಡು ನೊಗಕ್ಕೆ ಬಂದಾಗ ಅದರ ಮುಂದಿನ ಕಾಳು ಕಾವಲಿನಿಂದ ಬರುವುದಿಲ್ಲ. ಅದು ಸುತ್ತಲಿನ ರೈತರ ದಿಣ್ಣೆಗಳಿಂದ ಬರಬೇಕು. ಕಾವಲು ಸರ್ಕಾರದ್ದು, ಅದಕ್ಕೆ ಹೆಸರಿದೆ, ಎಲ್ಲೆಯಿದೆ, ಕಡತವಿದೆ. ದಿಣ್ಣೆಯ ಹುರುಳಿಗೆ ಇರುವುದು ಖರೀದಿ ಲೆಕ್ಕದಲ್ಲಿ ಗ್ರಾಮ್ ಎಂಬ ಒಂದು ಪದ. ಬಿತ್ತಿದವರು, ಇಬ್ಬನಿಯಲ್ಲಿ ಕಿತ್ತವರು, ಅದರಲ್ಲೂ ಹೆಂಗಸರು, ಆ ಪದದ ಹಿಂದೆ ನಿಂತಿದ್ದಾರೆ. ತಳಿಯ ಗುಣ ಹೊಗಳಿದಷ್ಟು ಸುಲಭವಾಗಿ ಮೇವಿನ ಮೂಲವನ್ನು ಯಾರೂ ಹೊಗಳಲಿಲ್ಲ. ನಾನೂ ಹೊಗಳಿರಲಿಲ್ಲ.

ನಮ್ಮ ಮನೆಯ ಹುರುಳಿ ನಿಂತದ್ದು ಹೇಗೆ ಎಂಬುದಕ್ಕೆ ಕಡತ ಬೇಕಿಲ್ಲ. ತಂಬಾಕು ಮಂಡಳಿ 1976ರಲ್ಲಿ ಶುರುವಾದ ಮೇಲೆ ಈ ನಾಲ್ಕು ತಾಲ್ಲೂಕುಗಳ ಕೆಂಪು ಮಣ್ಣು ಹೊಗೆಸೊಪ್ಪಿನ ಸೀಮೆ ಎಂದೇ ಹೆಸರಾಯಿತು. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಿದೆ; ಕಟ್ಟೆಮಳಲವಾಡಿ, ಪಿರಿಯಾಪಟ್ಟಣ, ಕಂಪಲಾಪುರ, ಚಿಲ್ಕುಂದ, ಎಚ್.ಡಿ. ಕೋಟೆ ಎಂದರೆ ಈಗಿನವರಿಗೆ ಹರಾಜು ಕಟ್ಟೆಯೇ ನೆನಪಾಗುವುದು. ಅಪ್ಪ ಬ್ಯಾರನ್ ಕಟ್ಟಿಸಿದ ವರ್ಷ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ನನ್ನ ಕಾಲೇಜಿನ ಫೀಸು, ಹಾಸ್ಟೆಲಿನ ದುಡ್ಡು, ಎಲ್ಲ ಬೇಲಿನ ಲೆಕ್ಕದಲ್ಲೇ ಬಂದದ್ದು. ಹಾಗಾಗಿ ಹೊಗೆಸೊಪ್ಪನ್ನು ಬಯ್ದು ಹುರುಳಿಯನ್ನು ಹಾಡಿ ಹೊಗಳುವ ಬರಹ ನನ್ನಿಂದ ಆಗದು.

ನಿಜ ಹೇಳಬೇಕೆಂದರೆ ಹುರುಳಿಯನ್ನು ಓಡಿಸಿದ್ದು ಹೊಗೆಸೊಪ್ಪು ಒಂದೇ ಅಲ್ಲ. ಸೊಪ್ಪು ಮುರಿದು ಮುಗಿಯುವುದು ಹಿಂಗಾರಿನ ಹೊತ್ತಿಗೆ. ಅದೇ ಹೊಲಕ್ಕೆ ರಾಗಿಯನ್ನೋ ಹುರುಳಿಯನ್ನೋ ಚೆಲ್ಲುವ ರೈತರು

ಈಗಲೂ ಇದ್ದಾರೆ. ಹುರುಳಿಗೆ ಜಾಗ ಇತ್ತು, ತಿನ್ನುವ ಬಾಯಿ ಹೋಯಿತು. ಟ್ರ್ಯಾಕ್ಟರ್ ಬಂದ ಎರಡನೆಯ ವರ್ಷ ನಮ್ಮ ಜೋಡಿ ಎತ್ತು ಮಾರಿದೆವು. ಬಂದದ್ದು ಡೈರಿಯ ಸೀಮೆಹಸು. ಅದಕ್ಕೆ ಚೀಲದ ಫೀಡು, ಬೂಸಾ, ನೇಪಿಯರ್ ಹುಲ್ಲು. ಹೆಗಲಿಗೆ ಹಾಕುವ ಕಾಳು ಯಾರಿಗೆ ಬೇಕು? ಊಟಕ್ಕೆ ಬೇಕಾದ ಎರಡು ಸೇರನ್ನು ಅಂಗಡಿಯಿಂದ ತಂದರಾಯಿತು. ಅಜ್ಜಿ ಮಾತ್ರ ಒಂದು ಗುಡಾಣದ ತಳದಲ್ಲಿ ಬೂದಿ ಬೆರೆಸಿದ ಬೀಜವನ್ನು ಇಟ್ಟುಕೊಂಡಿದ್ದಳು. ಮೂರು ವರ್ಷ ಬಿತ್ತಲಿಲ್ಲ. ಬ್ಯಾರನ್ನಿನ ಬೆಂಕಿಗೆ ಸೌದೆ ಒಟ್ಟುವ ಜಾಗದ ಪಕ್ಕದ ದಿಣ್ಣೆ ಖಾಲಿಯೇ ಇತ್ತು. ಅಲ್ಲಿ ಬಿತ್ತೋಣ ಎಂದು ಅವಳು ಕೇಳಿದಾಗಲೆಲ್ಲ ಅಪ್ಪ "ಯಾವ ಎತ್ತಿಗವ್ವ?" ಎನ್ನುತ್ತಿದ್ದ. ಅವಳ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಹುರುಳಿ ತಿನ್ನುವ ಎತ್ತು ನೋಡಬೇಕೆಂದು ಈ ಜನವರಿಯಲ್ಲಿ ಚುಂಚನಕಟ್ಟೆ ಜಾತ್ರೆಗೆ ಹೋದೆ. ಸಂಕ್ರಾಂತಿಯ ಹೊತ್ತಿನ ದನಗಳ ಜಾತ್ರೆ ಅದು. ಹಳ್ಳಿಕಾರ್ ಜೋಡಿಗಳು ಪೆಂಡಾಲಿನ ಕೆಳಗೆ, ಕೊಂಬಿಗೆ ಕಳಸು, ಕಾಲ ಕೆಳಗೆ ಮೆತ್ತಗೆ ಹಾಸಿದ ಹುಲ್ಲು. ಒಬ್ಬರ ಹತ್ತಿರ ಕುಳಿತು ಮೇವಿನ ಲೆಕ್ಕ ಕೇಳಿದೆ. ಹುರುಳಿ, ಅಕ್ಕಿ ತೌಡು, ಬೆಣ್ಣೆ, ಮೊಟ್ಟೆ ಎಂದು ಬೆರಳು ಮಡಿಸಿದರು. ಉಳುತ್ತೀರಾ ಎಂದರೆ ನಕ್ಕರು. "ಉಳಾಕೆ ಟ್ಯಾಕ್ಟ್ರು. ಇವು ಮೆರೆಯಾಕೆ." ಹುರುಳಿ ನಿಮ್ಮ ಹೊಲದ್ದಾ ಎಂದು ಕೇಳಿದೆ. ಮೈಸೂರಿನ ಮಂಡಿಯದು ಎಂದರು.

ಅಜ್ಜಿ ಕಳೆದ ಶ್ರಾವಣದಲ್ಲಿ ತೀರಿಕೊಂಡಳು. ಕರ್ಮಾಂತರ ಮುಗಿದ ಮೇಲೆ ಅಟ್ಟ ಇಳಿಸುವಾಗ ಗುಡಾಣ ಸಿಕ್ಕಿತು. ಬೂದಿಯ ನಡುವೆ ಕಾಳು ಕೆಲವು ಕಂದು, ಕೆಲವು ಕಪ್ಪು, ಹುಳು ಹಿಡಿದಿರಲಿಲ್ಲ. ಏನು ಮಾಡಲಿ ಎಂದು ಅಪ್ಪನನ್ನು ಕೇಳಲು ಹೋಗಲಿಲ್ಲ. ಸೆಪ್ಟೆಂಬರಿನ ಕೊನೆಯಲ್ಲಿ ಒಂದು ಮಳೆ ಬಿದ್ದ ಮಾರನೆಯ ದಿನ ಸೌದೆಯ ಪಕ್ಕದ ದಿಣ್ಣೆಯಲ್ಲಿ ಗುದ್ದಲಿಯಿಂದ ಮೇಲೆ ಮೇಲೆ ಕೆರೆದು ಚೆಲ್ಲಿದೆ. ವಾರದೊಳಗೆ ಸುಮಾರು ಅರ್ಧ ಮೊಳೆಯಿತು. ಕೆಲಸಕ್ಕೆಂದು ನಾನು ಮೈಸೂರಿಗೆ ಹಿಂದಿರುಗಿದೆ. ಡಿಸೆಂಬರಿನಲ್ಲಿ ಅಪ್ಪನೇ ಫೋನ್ ಮಾಡಿದ. ಇಬ್ಬನಿ ಇರುವಾಗಲೇ ಕಿತ್ತು ಬ್ಯಾರನ್ನಿನ ಮುಂದೆ ಹರವಿದ್ದೇನೆ, ಕಾಳು ಹೆಚ್ಚೆಂದರೆ ನಾಲ್ಕು ಸೇರು ಆದೀತು, ಹೊಟ್ಟಿಗೆ ಪಕ್ಕದ ಮನೆಯವರ ಆಡು ಈಗಲೇ ಕಾದು ನಿಂತಿವೆ ಎಂದ. ಬೀಜಕ್ಕೆ ಎಷ್ಟು ಎತ್ತಿಡಲಿ ಎಂದು ಕೇಳಿದ.